ಧ್ವನಿಸುರುಳಿಯ ಯುಗದಲ್ಲಿ ‘ಪ್ರೇಮಲೋಕ’

1987ರಲ್ಲಿ ತೆರೆಕಂಡ ‘ಪ್ರೇಮಲೋಕ’ವನ್ನು ವಿ. ರವಿಚಂದ್ರನ್ ಅವರು ನಿರ್ದೇಶಿಸಿದ ಚಿತ್ರವೆಂದು ಪರಿಗಣಿಸುವುದೇ ವಾಡಿಕೆ. ನಾವಾದರೋ ಇಲ್ಲಿ ಅದನ್ನು ಒಂದು ಧ್ವನಿಸುರುಳಿಯೆಂದು ಭಾವಿಸಿ ವಿಚಾರಿಸಹೊರಟಿದ್ದೇವೆ. ಸಕಲೇಶಪುರ, ಆಲೂರುಗಳ ಬೆಟ್ಟಸೀಮೆಯಲ್ಲಿ, ಹೆಗ್ಗದ್ದೆಯಂತಹ ಊರುಗಳಲ್ಲಿ, ಚಿತ್ರಮಂದಿರಕ್ಕೆ ಹೋಗಬೇಕಾದರೆ ದಾರಿ ಸವೆಸಬೇಕು. ಹಾಡಾದರೋ ಬ್ಯಾಟರಿಯ ಟೇಪ್‌ರೆಕಾರ್ಡರಿನಲ್ಲಿ ಕುಳಿತು ಮನೆಗೇ ಬರಬಲ್ಲುದಾಗಿತ್ತು.

ಈ ಹಾಡುಗಳ ನಾದಕ್ಕೆ ದೂರದ ಹಿನ್ನೆಲೆಯೊಂದುಂಟು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ‘ನ್ಯೂ ವೇವ್’ ತಂಡಗಳು ಕೀಬೋರ್ಡನ್ನು ಗಿಟಾರಿನ ಹಿಂದಿನಿಂದ ಮುಂದಕ್ಕೆ ತಂದವು. ಹ್ಯೂಮನ್ ಲೀಗ್ ತಂಡದ ‘ಡೇರ್’ (1981) ಇದಕ್ಕೆ ಒಳ್ಳೆಯ ನಿದರ್ಶನ. ಇಂಪಿಗೆ ಪ್ರಾಧಾನ್ಯವಿತ್ತ ರಾಕ್ ಸಂಗೀತವೂ ಬೇಗನೆ ಆ ಹಾದಿ ಹಿಡಿಯಿತು. ಗಿಟಾರಿಗೇ ಹೆಸರಾದ ವ್ಯಾನ್ ಹೇಲನ್ ತಂಡವು ತನ್ನ ‘1984’ ಎಂಬ ಸಂಪುಟವನ್ನು ಸಿಂಥಸೈಜರಿನ ನಾದದಿಂದಲೇ ಆರಂಭಿಸಿತು. 1983ರಲ್ಲಿ ಜಪಾನಿನ ಯಮಹಾ ಸಂಸ್ಥೆಯು ಡಿಎಕ್ಸ್7 ವಾದ್ಯವನ್ನು ಹೊರತಂದ ಮೇಲಂತೂ ಗಂಟೆಯ, ಕೊಳಲಿನ, ಪಿಯಾನೋದ ಛಾಯೆಗಳೆಲ್ಲ ಒಂದೇ ಮಣೆಯ ಮೇಲೆ ದೊರಕತೊಡಗಿದವು.

ಕನ್ನಡದಲ್ಲಿ ಪಾಶ್ಚಾತ್ಯ ವಾದ್ಯವೃಂದದ ಹೊಸ ಬಗೆಯನ್ನು ಶಂಕರ್ ನಾಗ್ ಅವರ ‘ಗೀತಾ’ (1981) ಚಿತ್ರದಲ್ಲಿ ಇಳಯರಾಜ ಅವರು ಆಗಲೇ ಕೇಳಿಸಿದ್ದರು. ಆದರೆ ‘ಪ್ರೇಮಲೋಕ’ದಲ್ಲಿ ಸಾಹಿತ್ಯವನ್ನೂ ಸಂಗೀತವನ್ನೂ ರಚಿಸಿದವರು ಹಂಸಲೇಖ ಒಬ್ಬರೇ. ನಮ್ಮ ದೃಷ್ಟಿಯಲ್ಲಿ ವಿಷಯದ ಮರ್ಮವಿರುವುದು ಇಲ್ಲಿಯೇ. ಕಥೆಯಲ್ಲಿ ‘ಗ್ರೀಸ್ 2’ (1982) ಎಂಬ ಅಮೆರಿಕನ್ ಚಿತ್ರದ ಛಾಯೆಯಿದೆಯೆಂಬುದು ಪ್ರಸಿದ್ಧವೇ. ಅದರಿಂದ ಹಾಡುಗಳೂ ಅನುಕರಣವೆಂದು ತೀರ್ಮಾನಿಸುವುದು ಆತುರದ ಮಾತು. ಇಲ್ಲಿ ಪಾತ್ರಗಳು ಹಾಡಿನಲ್ಲಿಯೇ ಸಂಭಾಷಿಸುತ್ತವೆ, ಕೆಣಕುತ್ತವೆ, ಉತ್ತರಿಸುತ್ತವೆ. ಬೀದಿಯ, ಕಾಲೇಜಿನ ಆಡುಮಾತಿನ ಲಯ ಮೊದಲು; ಕೀಬೋರ್ಡು ಅದನ್ನು ಅನುಸರಿಸುತ್ತದೆ. ವಾದ್ಯ ಹೊರಗಿನದು, ವಾಕ್ಯ ನಮ್ಮದು. ಎಸ್. ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಅವರಂತಹ ಗಾಯಕರು ಈ ಮಾತುಗಾರಿಕೆಯನ್ನು ಇಂಪಿಗೆ ಭಂಗಬಾರದಂತೆ ನಿರ್ವಹಿಸಿದ್ದಾರೆ. (ಭಾಷೆ ಕೆಟ್ಟಿತೆಂದು ಮೂಗು ಮುರಿದ ಪಂಡಿತರೂ ಆ ಪಲ್ಲವಿಗಳನ್ನು ಮರೆತಿರಲಾರರು!)

ಹೊಸ ವಾದ್ಯದಿಂದ ಎಲ್ಲರಿಗೂ ಲಾಭವಾಯಿತೆಂದು ಹೇಳಲಾಗದು. ಹಲವು ಪಿಟೀಲುಗಳ ಕೆಲಸವನ್ನು ಒಬ್ಬನ ಎರಡು ಕೈಗಳು ಮಾಡಬಲ್ಲವಾದಾಗ ವಾದ್ಯವೃಂದದ ಕಲಾವಿದರ ಜೀವನೋಪಾಯಕ್ಕೆ ಪೆಟ್ಟು ಬೀಳುವುದು ಸ್ವಾಭಾವಿಕ. ಸಂಗೀತ ಚರಿತ್ರೆಯಲ್ಲಿ ಈ ನಷ್ಟಕ್ಕೂ ಸ್ಥಳವಿರಬೇಕು.

ಲಹರಿ ಸಂಸ್ಥೆಯು ಹೊರತಂದ ಈ ಧ್ವನಿಸುರುಳಿ ನಾಡಿನಾದ್ಯಂತ ಹರಡಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಪರಿಚಯಿಸಿದ ಕ್ಯಾಸೆಟ್ಟು 1980ರ ದಶಕದಲ್ಲಿ ಭಾರತದಲ್ಲಿ ಗ್ರಾಮಫೋನ್ ತಟ್ಟೆಯನ್ನು ಹಿಂದೆ ಹಾಕಿದ್ದರ ಫಲವಿದು. ಆದರೆ ಅದರ ಪಟ್ಟಿಯ ಅಗಲ ಕೇವಲ 3.81 ಮಿಲಿಮೀಟರ್. ಕಬ್ಬಿಣದ ಆಕ್ಸೈಡಿನ ಲೇಪವನ್ನು ಹಿಡಿದಿರುವ ಅಂಟು ತೇವವನ್ನು ಹೀರಿ ಸಡಿಲಗೊಳ್ಳುತ್ತದೆ. ಮೇಲೆ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಮಲೆನಾಡಿಗಿಂತ ಪ್ರತಿಕೂಲವಾದ ಭಂಡಾರವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ತಾಳೆಗರಿಗಳಿಗಾಗಿ ಮನೆಮನೆಯ ಅಟ್ಟ ಹುಡುಕಿದ ನಮ್ಮ ವಿಭಾಗಗಳು ಅದೇ ಅಟ್ಟಗಳಲ್ಲಿರುವ ಸುರುಳಿಗಳನ್ನೂ ಕೆಳಗಿಳಿಸಬೇಕಾಗಿದೆ. ಹಾಡು ಅಂತರ್ಜಾಲದಲ್ಲಿ ದೊರೆಯುತ್ತದೆಯಲ್ಲ ಎಂಬ ಆಕ್ಷೇಪ ಬರಬಹುದು. ಹಾಡು ದೊರೆಯುತ್ತದೆ, ನಿಜ. ಹೊದಿಕೆಯ ಮೇಲೆ ಯಾರೋ ಶಾಯಿಯಲ್ಲಿ ಬರೆದ ಹೆಸರು, ಒಂದು ಬದಿಯನ್ನು ಅಳಿಸಿ ಮೇಲೆ ಮುದ್ರಿಸಿಕೊಂಡ ಮನೆಯ ಮದುವೆಯ ಸೋಬಾನೆ, ಇವು ಅಲ್ಲಿ ದೊರೆಯವು.