ಕರುಳಿಗೆ ವೈರಸ್ ಕುಡಿಸಿದರೆ ಏನಾಗುತ್ತೆ?

ಬ್ಯಾಕ್ಟೀರಿಯೋಫೇಜ್ ಅಂದರೆ ಬ್ಯಾಕ್ಟೀರಿಯಾವನ್ನೇ ಬೇಟೆಯಾಡುವ ವೈರಸ್. ಚಿಕ್ಕದಾಗಿ ಫೇಜ್. ತನಗೆ ಒಗ್ಗುವ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು, ತನ್ನ ಡಿಎನ್‌ಎಯನ್ನು ಒಳಗೆ ಚುಚ್ಚಿ, ಅಲ್ಲೇ ನಕಲುಗಳನ್ನು ಮಾಡಿಸಿಕೊಂಡು, ಗೋಡೆ ಒಡೆದು ಹೊರಬರುತ್ತೆ. ಮನುಷ್ಯನ ಜೀವಕೋಶದ ಗೊಡವೆಗೆ ಹೋಗಲ್ಲ. ಆ್ಯಂಟಿಬಯಾಟಿಕ್ ಕರುಳಿನ ಒಳ್ಳೆಯದು ಕೆಟ್ಟದ್ದು ಎರಡನ್ನೂ ಗುಡಿಸಿ ಹಾಕುತ್ತೆ. ಫೇಜ್ ಕಳೆಯನ್ನಷ್ಟೇ ಆರಿಸಿ ಕೀಳುತ್ತೆ. ಕರುಳಿನ ಸೂಕ್ಷ್ಮಾಣು ಬಳಗವನ್ನು ಇದರಿಂದ ತಿದ್ದಬಹುದು ಎಂಬ ಆಸೆ ಹುಟ್ಟಿದ್ದು ಇಲ್ಲಿಂದ.

ಐಡಿಯಾ ಹೊಸದೇನಲ್ಲ. ಗಂಗಾ, ಯಮುನಾ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ ಅಂತ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲೇ ಬರೆದಿದ್ದ. (ಅದು ಫೇಜ್‌ನದೇ ಕೆಲಸವಾ ಅನ್ನೋದು ಇವತ್ತಿಗೂ ತಕರಾರು.) 1917ರಲ್ಲಿ ಆಮಶಂಕೆ ರೋಗಿಗಳ ಮಲದಲ್ಲಿ ಇದನ್ನು ಕಂಡು ಹೆಸರಿಟ್ಟವನು ಫೆಲಿಕ್ಸ್ ಡಿ'ಹೆರೆಲ್. ಆತ 1920ರ ದಶಕದಲ್ಲಿ ಭಾರತಕ್ಕೆ ಬಂದು ಕಾಲರಾ ಮೇಲೆ ಫೇಜ್ ಪ್ರಯೋಗಿಸಿದ. ಆಮೇಲೆ ಆ್ಯಂಟಿಬಯಾಟಿಕ್ ಬಂತು, ಜಗತ್ತು ಇದನ್ನು ಹೆಚ್ಚುಕಮ್ಮಿ ಮರೆತೇಬಿಟ್ಟಿತು. ನಮ್ಮಲ್ಲಿ ಈ ಎಳೆಯನ್ನು ಮತ್ತೆ ಹಿಡಿದದ್ದು 2000ದಲ್ಲಿ ಜೆ. ರಾಮಚಂದ್ರನ್ ಬೆಂಗಳೂರಿನಲ್ಲಿ ಕಟ್ಟಿದ ಗಂಗಾಜೆನ್. ಅವರು ಕರುಳಿನ ಹಿಂದೆ ಬೀಳಲಿಲ್ಲ. ಸ್ಟ್ಯಾಫಿಲೋಕಾಕಸ್ ವಿರುದ್ಧ ಫೇಜ್‌ನಿಂದ ಪಡೆದ ಪಿ128 ಎಂಬ ಪ್ರೋಟೀನ್ ರೂಪಿಸಿದರು.

ಕರುಳಿನ ಪುರಾವೆ ಏನು ಹೇಳುತ್ತೆ? 2022ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ, ಕರುಳಿನ ಉರಿಯೂತದ ಜೊತೆ ತಳಕು ಹಾಕಿಕೊಂಡ ಕ್ಲೆಬ್ಸಿಯೆಲ್ಲಾ ಮೇಲೆ ಐದು ಫೇಜ್‌ಗಳ ಮಿಶ್ರಣ ಬಿಟ್ಟಿತು. ಇಲಿಗಳಲ್ಲಿ ಉರಿಯೂತ ತಗ್ಗಿತು. ಆರೋಗ್ಯವಂತ ಜನರ ಕರುಳಿನಲ್ಲಿ ಫೇಜ್ ಬದುಕಿ ಉಳಿಯಿತು. ಭರವಸೆ ಸರಿ, ಆದರೆ ರೋಗಿ ಗುಣವಾದ ಲೆಕ್ಕ ಅಲ್ಲ ಅದು. ಢಾಕಾದ ಫಲಿತಾಂಶವನ್ನು ನಾನು ಹೆಚ್ಚು ಗಂಭೀರವಾಗಿ ತಗೋತೀನಿ. ಅತಿಸಾರದ ಮಕ್ಕಳಿಗೆ ಇ. ಕೋಲೈ ಫೇಜ್ ಕುಡಿಸಿದ ಆ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತೊಂದರೆ ಆಗಲಿಲ್ಲ, ಉಪಯೋಗವೂ ಆಗಲಿಲ್ಲ. ಆ ಮಕ್ಕಳ ಮಲದಲ್ಲಿ ಇ. ಕೋಲೈ ಪಾಲೇ ಸಣ್ಣದು. ತಿನ್ನಲು ಸಾಕಷ್ಟು ಸಿಗದೆ ಫೇಜ್ ಹೆಚ್ಚಲಿಲ್ಲ.

ನನ್ನ ಪ್ರಕಾರ ಸಂಗೊಳ್ಳಿಯಂಥ ಊರಿಗೆ ಇದರ ರಾಜಕೀಯ ಇರೋದು ಇಲ್ಲೇ. ಫೇಜ್ ಬರೀ ಭೇದಿ ಅಂದರೆ ಕೆಲಸ ಮಾಡಲ್ಲ, ಯಾವ ಬ್ಯಾಕ್ಟೀರಿಯಾ ಅಂತ ಮೊದಲು ಹೇಳಬೇಕು. ಅಂದರೆ ಮಲದ ಕಲ್ಚರ್ ಟೆಸ್ಟ್, ಅದನ್ನು ಓದಬಲ್ಲ ಮೈಕ್ರೋಬಯಾಲಜಿಸ್ಟ್, ಅದೂ ತಾಲ್ಲೂಕು ಮಟ್ಟದಲ್ಲಿ. ಅಕ್ಟೋಬರ್ 2022ರಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಲ್ಲಿ ಬೇಕಿದ್ದದ್ದು ಫೇಜ್ ಅಲ್ಲ, ಒಡೆಯದ ಪೈಪು. ರಾಯಣ್ಣನ ಹೆಸರು ಹೇಳಿ ಮಲಪ್ರಭೆಯ ದಂಡೆಗೆ ವೋಟು ಕೇಳಲು ಬರುವವರ ಮುಂದೆ ನಾನು ಇಡೋ ಪ್ರಶ್ನೆ ಎರಡೇ: ಊರಿನ ನಲ್ಲಿ ನೀರನ್ನು ಕೊನೇ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಕಲ್ಚರ್ ಟೆಸ್ಟ್‌ಗೆ ನಮ್ಮವರು ಎಷ್ಟು ದೂರ ಹೋಗಬೇಕು?