ಕೀಲುಗಳ ಮದ್ದು, ಮನಸ್ಸಿನ ಏರಿಳಿತ

ಒಂದು ಅಂಗಕ್ಕೆಂದು ಕೊಟ್ಟ ಔಷಧವು ಆ ಅಂಗದಲ್ಲಿಯೇ ನಿಲ್ಲುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಾರ್ಟಿಸೋನ್‌ನ ಚರಿತ್ರೆ ಈ ಭಾವನೆಯನ್ನು ತಿದ್ದುತ್ತದೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು, ಭಯ ಅಥವಾ ರೋಗ ಒದಗಿದಾಗ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಕಾರ್ಟಿಸೋನ್ ಅದರ ಹತ್ತಿರದ ಬಂಧು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ ಮತ್ತು ಸಹೋದ್ಯೋಗಿಗಳು, ಸಂಧಿವಾತದಿಂದ ನಡೆಯಲಾರದಿದ್ದ ತರುಣಿಯೊಬ್ಬಳಿಗೆ ದಿನಕ್ಕೆ 100 ಮಿಲಿಗ್ರಾಂನಂತೆ ಅದನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಔಷಧ ಪಡೆದವರ ಹರ್ಷವೆಲ್ಲ ನೋವು ನೀಗಿದ ಸಂತೋಷವಷ್ಟೇ ಆಗಿರಲಿಲ್ಲ. ಕೆಲವರು ನಿದ್ರೆಯಿಲ್ಲದೆ ಎಡೆಬಿಡದೆ ಮಾತನಾಡಿದರು. ಕೆಲವರು ವಿಷಾದದಲ್ಲಿ ಮುಳುಗಿದರು. ಕೆಲವರಿಗೆ ಚಿತ್ತಭ್ರಮೆಯೇ ಉಂಟಾಯಿತು. ಕಾರ್ಟಿಸೋನ್ ಸೇವಿಸಿದ ಶಾಲಾಶಿಕ್ಷಕನೊಬ್ಬನ ನಿಜಕಥೆಯನ್ನು ಬರ್ಟನ್ ರೂಶೆ 1955ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದರು. ಅದನ್ನಾಧರಿಸಿ 1956ರಲ್ಲಿ ತೆರೆಕಂಡ ‘ಬಿಗ್ಗರ್ ದ್ಯಾನ್ ಲೈಫ್’ ಚಿತ್ರದಲ್ಲಿ, ಸೌಮ್ಯ ಸ್ವಭಾವದ ಗೃಹಸ್ಥನು ಹೆಂಡತಿ ಮಗನಿಗೆ ಭಯಂಕರನಾಗುತ್ತಾನೆ.

ಮೆದುಳಿಗೂ ಈ ಹಾರ್ಮೋನಿಗೂ ಏನು ನಂಟು? 1968ರಲ್ಲಿ ಬ್ರೂಸ್ ಮೆಕ್‌ಯೂಯನ್ ಮತ್ತು ಸಂಗಡಿಗರು, ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಭಾಗವು ಇದೇ ಬಗೆಯ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವುದನ್ನು ತೋರಿಸಿದರು. ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಭಾಗವದು. 1972ರಲ್ಲಿ ಪ್ರಕಟವಾದ ಬಾಸ್ಟನ್ ಅಧ್ಯಯನವು ಪ್ರಮಾಣದ ಮಹತ್ವವನ್ನು ಸ್ಪಷ್ಟಪಡಿಸಿತು. ದಿನಕ್ಕೆ 40 ಮಿಲಿಗ್ರಾಂ ಅಥವಾ ಕಡಿಮೆ ಪ್ರೆಡ್ನಿಸೋನ್ ಪಡೆದವರಲ್ಲಿ ಶೇ. 1.3 ಮಂದಿಗೆ, 80ಕ್ಕಿಂತ ಹೆಚ್ಚು ಪಡೆದವರಲ್ಲಿ ಶೇ. 18.4 ಮಂದಿಗೆ ತೀವ್ರ ಮಾನಸಿಕ ತೊಂದರೆಗಳು ಕಂಡುಬಂದಿದ್ದವು.

ಉಬ್ಬಸ, ಲೂಪಸ್ ಮೊದಲಾದ ರೋಗಗಳಲ್ಲಿ ಈ ಔಷಧಗಳು ಇಂದಿಗೂ ಪ್ರಾಣ ಉಳಿಸುತ್ತಿವೆ. ಅವುಗಳನ್ನು ನಾವು ದೂರಬೇಕಾಗಿಲ್ಲ. ಆದರೆ ಊರಿನಿಂದ ಬಂದ ಹಿರಿಯರು ಸ್ಟಿರಾಯ್ಡ್ ಮಾತ್ರೆ ಆರಂಭಿಸಿದ ಮೇಲೆ ಹಠಾತ್ತನೆ ಸಿಡುಕಿದರೆ, ಅಕಾರಣವಾಗಿ ಅತ್ತರೆ, ಅದನ್ನು ಪರದೇಶದ ಬೇಸರವೆಂದೋ ವಯಸ್ಸಿನ ಹಟವೆಂದೋ ನಾವು ತಳ್ಳಿಹಾಕಬಾರದು. ಮಾತ್ರೆಯನ್ನು ನಾವಾಗಿಯೇ ಥಟ್ಟನೆ ನಿಲ್ಲಿಸುವುದೂ ಸಲ್ಲದು. ಬಹುಕಾಲ ಹೊರಗಿನಿಂದ ಹಾರ್ಮೋನು ದೊರೆತಾಗ ದೇಹದ ಗ್ರಂಥಿಗಳು ತಮ್ಮ ಕೆಲಸ ತಗ್ಗಿಸಿರುತ್ತವೆ. ಆಗ ಹಠಾತ್ ನಿಲುಗಡೆ ಪ್ರಾಣಾಪಾಯ ತರಬಲ್ಲದು. ಕೂಡಲೇ ವೈದ್ಯರಿಗೆ ತಿಳಿಸುವುದೇ ಸರಿಯಾದ ದಾರಿ. ಸಾಮಾನ್ಯವಾಗಿ ಪ್ರಮಾಣ ಇಳಿದಂತೆ ಮನಸ್ಸೂ ತಿಳಿಯಾಗುತ್ತದೆ. ಅಲ್ಲಿಯವರೆಗೆ ಅವರ ಕಟುಮಾತನ್ನು ನಾವು ಅವರ ಸ್ವಭಾವದ ಲೆಕ್ಕಕ್ಕೆ ಬರೆಯದಿರೋಣ.