ಸ್ಪಂಜಿನಿಂದ ಸ್ಟೆತಸ್ಕೋಪಿನವರೆಗೆ: ಬ್ರಿಟನ್ನಿನ ಕಾಲ್ಚೆಂಡಾಟದ ನೇಪಥ್ಯ

(ಬಳಗದ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಯಕ್ಷಗಾನ ಬಲ್ಲವರಿಗೆ ರಂಗಸ್ಥಳದಷ್ಟೇ ಚೌಕಿಯೂ ಪರಿಚಿತ. ಬಣ್ಣ ಹಚ್ಚುವುದು, ಕಿರೀಟ ಬಿಗಿಯುವುದು, ದಣಿದವನಿಗೆ ನೀರು ಕೊಡುವುದು ಎಲ್ಲವೂ ನಡೆಯುವುದು ಅಲ್ಲಿ. ನಾವು ಬಂದು ನೆಲೆಸಿದ ಈ ನಾಡಿನ ಕಾಲ್ಚೆಂಡಾಟಕ್ಕೂ ಅಂಥದೊಂದು ಚೌಕಿಯಿದೆ. ಮೈದಾನದ ಹುಲ್ಲನ್ನು ಮಗುವಿನಂತೆ ಸಾಕುವವರು, ಕೆಸರಾದ ಅಂಗಿಗಳನ್ನು ಒಗೆದು ಮಡಿಸುವವರು, ಬೂಟುಗಳನ್ನು ಹೊಂದಿಸಿಡುವವರು, ಇವರಾರ ಹೆಸರೂ ಮರುದಿನದ ಪತ್ರಿಕೆಯಲ್ಲಿ ಬರುವುದಿಲ್ಲ. ವೃತ್ತಿಯಿಂದ ವೈದ್ಯರಾದ ನಾವು ಈ ನೇಪಥ್ಯದ ಒಂದು ಮೂಲೆಯನ್ನು ಮಾತ್ರ ಇಂದು ತಮ್ಮ ಮುಂದೆ ತೆರೆದಿಡಲು ಬಯಸುತ್ತೇವೆ. ಆಟಗಾರನು ನೆಲಕ್ಕುರುಳಿದಾಗ ಅವನ ಬಳಿಗೆ ಓಡಿಹೋಗುವ ವ್ಯಕ್ತಿಯ ಇತಿಹಾಸವದು. ಸಂಬಳ ಕೊಡುವುದು ಕ್ಲಬ್ಬು, ಬಿದ್ದವನು ರೋಗಿ. ಹಾಗಾದರೆ ಓಡಿಹೋಗುವವನು ಯಾರ ಪಕ್ಷ? ಪ್ರಶ್ನೆ ಸರಳವಾಗಿ ಕಂಡರೂ ಅದಕ್ಕೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು.

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ಕೆಲಸ ‘ಟ್ರೇನರ್’ ಎಂಬವನದಾಗಿತ್ತು. ಆತ ಹೆಚ್ಚಾಗಿ ನಿವೃತ್ತ ಆಟಗಾರ. ಬೆಳಿಗ್ಗೆ ವ್ಯಾಯಾಮ ಮಾಡಿಸುವವನೂ ಅವನೇ, ಮಧ್ಯಾಹ್ನ ಮಾಲೀಸು ಮಾಡುವವನೂ ಅವನೇ, ಶನಿವಾರ ಮೈದಾನದ ಅಂಚಿನಲ್ಲಿ ತಣ್ಣೀರಿನ ಬಕೆಟ್ಟು ಮತ್ತು ಸ್ಪಂಜು ಹಿಡಿದು ಕುಳಿತಿರುವವನೂ ಅವನೇ. ಬಿದ್ದವರನ್ನೆಲ್ಲ ಎಬ್ಬಿಸುತ್ತಿದ್ದ ಆ ಸ್ಪಂಜನ್ನು ಜನ ವಿನೋದದಿಂದ ‘ಮಾಂತ್ರಿಕ ಸ್ಪಂಜು’ ಎಂದೇ ಕರೆದರು. ಅದರ ಮಂತ್ರಶಕ್ತಿ ಎಷ್ಟೆಂಬುದು ಎರಡು ಪ್ರಸಂಗಗಳಿಂದ ತಿಳಿಯುತ್ತದೆ.

1931ರ ಸೆಪ್ಟೆಂಬರ್ 5ರಂದು ಗ್ಲ್ಯಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ ಸೆಲ್ಟಿಕ್ ತಂಡದ ಗೋಲ್‌ಕೀಪರ್ ಜಾನ್ ಥಾಮ್ಸನ್ ಚೆಂಡಿಗಾಗಿ ಎದುರಾಳಿಯ ಕಾಲಬಳಿಗೆ ಧುಮುಕಿದನು. ರೇಂಜರ್ಸ್ ತಂಡದ ಸ್ಯಾಮ್ ಇಂಗ್ಲಿಷ್‌ನ ಮೊಣಕಾಲು ಆಕಸ್ಮಿಕವಾಗಿ ಅವನ ತಲೆಗೆ ಬಡಿಯಿತು. ತಲೆಬುರುಡೆಯ ಮೂಳೆ ಒಳಕ್ಕೆ ಕುಸಿದಿತ್ತು. ಅದೇ ರಾತ್ರಿ ಆಸ್ಪತ್ರೆಯಲ್ಲಿ ಆತ ಅಸುನೀಗಿದನು. ಆಗ ಅವನ ವಯಸ್ಸು 22. ತಲೆಯೊಳಗನ್ನು ತೋರಿಸುವ ಸಿ.ಟಿ. ಯಂತ್ರದಿಂದ ಲಂಡನ್ನಿನಲ್ಲಿ ಮೊದಲ ರೋಗಿಯ ಚಿತ್ರ ತೆಗೆದದ್ದು 1971ರಲ್ಲಿ ಎಂಬುದನ್ನು ನೆನೆದರೆ, ಅಂದಿನ ವೈದ್ಯರ ಕೈ ಎಷ್ಟು ಬರಿದಾಗಿತ್ತೆಂಬುದು ಅರಿವಾಗುತ್ತದೆ.

ಎರಡನೆಯದು 1956ರ ಮೇ 5ರಂದು ವೆಂಬ್ಲಿಯಲ್ಲಿ ನಡೆದ ಎಫ್.ಎ. ಕಪ್ ಅಂತಿಮ ಪಂದ್ಯ. ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್ ಜರ್ಮನಿಯವನು, ಯುದ್ಧಕೈದಿಯಾಗಿ ಈ ದೇಶಕ್ಕೆ ಬಂದು ಇಲ್ಲಿಯೇ ಉಳಿದವನು. ಪಂದ್ಯ ಮುಗಿಯಲು ಸುಮಾರು 17 ನಿಮಿಷಗಳಿದ್ದಾಗ ಘರ್ಷಣೆಯೊಂದರಲ್ಲಿ ಅವನ ಕತ್ತಿಗೆ ಭಾರೀ ಪೆಟ್ಟು ಬಿದ್ದಿತು. ಟ್ರೇನರ್ ಓಡಿಬಂದು ಉಪಚರಿಸಿದನು. ಟ್ರೌಟ್‌ಮನ್ ಎದ್ದು ನಿಂತು ಕೊನೆಯವರೆಗೂ ಆಡಿದನು. ಸಿಟಿ 3–1ರಿಂದ ಗೆದ್ದಿತು. ನಾಲ್ಕು ದಿನಗಳ ನಂತರ ತೆಗೆದ ಎಕ್ಸ್‌ರೇಯಲ್ಲಿ ಕತ್ತಿನ ಎರಡನೆಯ ಕಶೇರುಮಣಿ ಎರಡಾಗಿ ಸೀಳಿದ್ದು ಕಂಡುಬಂದಿತು. ಮೂರನೆಯ ಮಣಿ ಅದಕ್ಕೆ ಒತ್ತಿಕೊಂಡು ನಿಂತದ್ದರಿಂದ ಪ್ರಾಣ ಉಳಿದಿತ್ತು. ಇಂದು ವೈದ್ಯ ವಿದ್ಯಾರ್ಥಿಯೂ ಕತ್ತಿಗೆ ಪೆಟ್ಟು ಬಿದ್ದವನನ್ನು ಅಲುಗಾಡಿಸಲು ಅಂಜುತ್ತಾನೆ. ಅಂದಿನ ಟ್ರೇನರನನ್ನು ಹಳಿಯುವುದು ತರವಲ್ಲ. ಅವನಿಗೆ ಆ ವಿದ್ಯೆಯನ್ನು ಕಲಿಸಿದವರಿರಲಿಲ್ಲ. ಮೇಲಾಗಿ ಬದಲಿ ಆಟಗಾರನನ್ನು ಇಳಿಸಲು ನಿಯಮವೇ ಅವಕಾಶ ಕೊಡುತ್ತಿರಲಿಲ್ಲ. ಒಬ್ಬ ಹೊರಬಂದರೆ ಹತ್ತೇ ಮಂದಿ ಉಳಿಯುವ ಆಟದಲ್ಲಿ ಗಾಯಾಳುವನ್ನು ಎಬ್ಬಿಸಿ ನಿಲ್ಲಿಸುವುದೇ ಚಿಕಿತ್ಸೆಯೆನಿಸಿತ್ತು.

ತಿಳಿವಳಿಕೆ ಬಂದೊಡನೆ ಎಲ್ಲವೂ ಸರಿಹೋಯಿತೆ? ಇಲ್ಲವೆಂಬುದಕ್ಕೆ ಲಿವರ್‌ಪೂಲ್ ಕ್ಲಬ್ಬಿನ ಬಾಬ್ ಪೇಯ್ಸ್ಲಿ ಅವರ ಉದಾಹರಣೆಯನ್ನು ನೋಡಬಹುದು. ಗಣಿ ಕಾರ್ಮಿಕರ ಊರಿನಲ್ಲಿ ಹುಟ್ಟಿ, ಗಾರೆ ಕೆಲಸ ಕಲಿತು, 1939ರಲ್ಲಿ ಲಿವರ್‌ಪೂಲ್ ಸೇರಿದ ಪೇಯ್ಸ್ಲಿ 1954ರಲ್ಲಿ ಆಟ ನಿಲ್ಲಿಸಿದ ಮೇಲೆ ಅಂಚೆಯ ಮೂಲಕ ಪಾಠ ತರಿಸಿಕೊಂಡು ಅಂಗಮರ್ದನ, ವ್ಯಾಯಾಮ ಚಿಕಿತ್ಸೆಗಳನ್ನು ಕಲಿತರು. ಆಟಗಾರನ ನಡಿಗೆಯನ್ನು ನೋಡಿಯೇ ಎಲ್ಲಿ ನೋವಿದೆಯೆಂದು ಹೇಳಬಲ್ಲವರೆಂಬ ಖ್ಯಾತಿ ಅವರಿಗಿತ್ತು. ಆನ್‌ಫೀಲ್ಡ್ ಮೈದಾನದ ಬೂಟುಗಳ ಕೋಣೆಯಲ್ಲಿ ಅವರೂ ಜೋ ಫೇಗನ್, ರಾನಿ ಮೊರಾನ್ ಮೊದಲಾದ ಸಹಾಯಕರೂ ಕುಳಿತು, ಯಾರಿಗೆ ಏನು ಪೆಟ್ಟು, ಯಾವ ಅಭ್ಯಾಸ ಫಲಿಸಿತು ಎಂಬುದನ್ನು ಮಾತನಾಡಿಕೊಳ್ಳುತ್ತಿದ್ದರು. ದಿನಚರಿಯ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. 1974ರಲ್ಲಿ ಪೇಯ್ಸ್ಲಿ ಮ್ಯಾನೇಜರ್ ಆಗಿ 1977, 1978 ಮತ್ತು 1981ರಲ್ಲಿ ಯುರೋಪಿಯನ್ ಕಪ್ ಗೆದ್ದರು. ಅವರ ನಂತರ ಬಂದ ಫೇಗನ್ 1984ರಲ್ಲಿ ಅದನ್ನೇ ಗೆದ್ದರು. ಆ ಪುಟ್ಟ ಕೋಣೆಯನ್ನು 1993ರಲ್ಲಿ ಕೆಡವಿದರೂ ‘ಬೂಟ್ ರೂಮ್’ ಎಂಬ ಹೆಸರು ಇತಿಹಾಸದಲ್ಲಿ ಉಳಿದಿದೆ.

ಇಂಥ ಅನುಭವಿಯ ಮುಂದೆಯೇ 1965ರ ಮೇ 1ರಂದು, ಲೀಡ್ಸ್ ವಿರುದ್ಧದ ಕಪ್ ಅಂತಿಮ ಪಂದ್ಯದ ಮೊದಲ ಕೆಲವೇ ನಿಮಿಷಗಳಲ್ಲಿ, ಜೆರಿ ಬರ್ನ್ ಎಂಬ ಆಟಗಾರನ ಕೊರಳೆಲುಬು ಮುರಿಯಿತು. ಪೇಯ್ಸ್ಲಿ ಅದನ್ನು ಮೈದಾನದಲ್ಲಿಯೇ ಗುರುತಿಸಿದರು. ಗುರುತಿಸಿ, ಎದುರಾಳಿಗಳಿಗೆ ಸುಳಿವು ಸಿಗದಂತೆ ಆಡುವುದನ್ನು ಮುಂದುವರಿಸಲು ಬಿಟ್ಟರು. ಹೆಚ್ಚುವರಿ ಸಮಯವೂ ಸೇರಿ ಎರಡು ಗಂಟೆಗಳ ಆಟವನ್ನು ಬರ್ನ್ ಪೂರೈಸಿದನಲ್ಲದೆ, ಮೊದಲ ಗೋಲಿಗೆ ಚೆಂಡನ್ನೂ ಒದಗಿಸಿದನು. ಲಿವರ್‌ಪೂಲ್ ಮೊದಲ ಬಾರಿಗೆ ಆ ಕಪ್ಪನ್ನು ಗೆದ್ದಿತು. ಇದನ್ನು ಅಪ್ರತಿಮ ಶೌರ್ಯವೆಂದು ಇಂದಿಗೂ ಕೊಂಡಾಡುತ್ತಾರೆ, ಶೌರ್ಯವೇನೋ ನಿಜ. ಆದರೆ ವೈದ್ಯರ ಕಣ್ಣಿಗೆ ಇಲ್ಲಿ ಬೇರೊಂದು ಸತ್ಯ ಕಾಣುತ್ತದೆ. 1956ರಲ್ಲಿ ಸ್ಪಂಜು ಹಿಡಿದವನಿಗೆ ಗಾಯದ ಆಳ ತಿಳಿದಿರಲಿಲ್ಲ, 1965ರಲ್ಲಿ ತಿಳಿದಿತ್ತು. ಫಲಿತಾಂಶ ಮಾತ್ರ ಒಂದೇ. ಅಂದರೆ ಕೊರತೆಯಿದ್ದದ್ದು ಜ್ಞಾನದಲ್ಲಿ ಮಾತ್ರವಲ್ಲ, ‘ಇವನು ಆಡಕೂಡದು’ ಎಂದು ಹೇಳುವ ಅಧಿಕಾರದಲ್ಲಿ. ಆ ವರ್ಷದ ಆಗಸ್ಟಿನಿಂದ ಇಂಗ್ಲಿಷ್ ಲೀಗಿನಲ್ಲಿ ಗಾಯಗೊಂಡವನಿಗೆ ಒಬ್ಬ ಬದಲಿ ಆಟಗಾರನನ್ನು ಇಳಿಸುವ ನಿಯಮ ಬಂದದ್ದು ಈ ದಾರಿಯ ಮೊದಲ ಮೈಲಿಗಲ್ಲು.

ನಾವು ಈ ದೇಶಕ್ಕೆ ಬಂದ ಹೊಸತರಲ್ಲಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದುಡಿಯುತ್ತಿದ್ದಾಗ, ಶನಿವಾರ ಭಾನುವಾರಗಳ ಮಧ್ಯಾಹ್ನ ಕೆಸರು ಮೆತ್ತಿದ ಹವ್ಯಾಸಿ ಆಟಗಾರರು ಸಾಲಾಗಿ ಬರುತ್ತಿದ್ದರು. ಊದಿದ ಕಾಲನ್ನು ಮುಂದಕ್ಕೆ ಚಾಚಿ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಮುಂದಿನ ವಾರ ಆಡಬಹುದೇ ಡಾಕ್ಟರ್?’ ಎಂಬುದೇ. ಸಂಬಳವಿಲ್ಲದೆ ಆಡುವವರಿಗೇ ಇಷ್ಟು ಆತುರವಿದ್ದರೆ, ಆಟವೇ ಅನ್ನವಾದವನ ಪಾಡೇನು? ರೋಗಿಯೇ ತನ್ನ ಗಾಯವನ್ನು ಮರೆಮಾಚುವ ಕೆಲವೇ ಕ್ಷೇತ್ರಗಳಲ್ಲಿ ಇದೂ ಒಂದು.

2006ರ ಅಕ್ಟೋಬರ್ 14ರಂದು ರೆಡಿಂಗ್ ಮೈದಾನದಲ್ಲಿ ಚೆಲ್ಸಿ ತಂಡದ ಗೋಲ್‌ಕೀಪರ್ ಪೀಟರ್ ಚೆಕ್‌ಗೆ ಎದುರಾಳಿಯ ಮೊಣಕಾಲು ಬಡಿದು ತಲೆಬುರುಡೆ ಕುಸಿಯಿತು. 75 ವರ್ಷಗಳ ಹಿಂದೆ ಥಾಮ್ಸನ್ನನ್ನು ಬಲಿತೆಗೆದುಕೊಂಡ ಬಗೆಯದೇ ಗಾಯ. ಶಸ್ತ್ರಚಿಕಿತ್ಸೆಯ ನಂತರ ಮುಂದಿನ ಜನವರಿಯಲ್ಲೇ ಆತ ತಲೆಗಾಪು ಧರಿಸಿ ಆಟಕ್ಕೆ ಮರಳಿದನು. ಆ ಘಟನೆಯ ತರುವಾಯ ಮೈದಾನಗಳಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಬಿಗಿಯಾಯಿತು. 2012ರ ಮಾರ್ಚ್ 17ರಂದು ಲಂಡನ್ನಿನ ವೈಟ್ ಹಾರ್ಟ್ ಲೇನ್‌ನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ ಹೃದಯಸ್ತಂಭನದಿಂದ ಕುಸಿದಾಗ ಅದರ ಬೆಲೆ ತಿಳಿಯಿತು. ಎರಡೂ ತಂಡಗಳ ವೈದ್ಯಕೀಯ ಸಿಬ್ಬಂದಿ ಕ್ಷಣಾರ್ಧದಲ್ಲಿ ಎದೆಯೊತ್ತುವಿಕೆಯನ್ನು ಆರಂಭಿಸಿದರು. ಪ್ರೇಕ್ಷಕರ ನಡುವೆ ಕುಳಿತಿದ್ದ ಹೃದ್ರೋಗತಜ್ಞ ಡಾ. ಆ್ಯಂಡ್ರೂ ಡೀನರ್ ಮೈದಾನಕ್ಕೆ ಧಾವಿಸಿ ನೆರವಾದರು. ಹೃದಯ ತಾನಾಗಿ ಮಿಡಿಯದೆ 78 ನಿಮಿಷಗಳು ಕಳೆದರೂ 23ರ ಆ ಯುವಕ ಬದುಕುಳಿದನು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಲಾಯಿತು. ಅಂದು ಗೋಲುಗಳ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ಸಾವು ಕಣ್ಣೆದುರಿಗಿದ್ದಾಗ ಎಲ್ಲರೂ ವೈದ್ಯನ ಮಾತು ಕೇಳುತ್ತಾರೆ. ಗಾಯ ಕಣ್ಣಿಗೆ ಕಾಣದಿದ್ದಾಗಲೇ ಪರೀಕ್ಷೆ. 2013ರ ನವೆಂಬರಿನಲ್ಲಿ ಟಾಟನ್‌ಹ್ಯಾಮ್ ತಂಡದ ಗೋಲ್‌ಕೀಪರ್ ಹ್ಯೂಗೋ ಯೋರಿಸ್ ತಲೆಗೆ ಪೆಟ್ಟುಬಿದ್ದು ಪ್ರಜ್ಞೆ ತಪ್ಪಿದರೂ ಆಟ ಮುಂದುವರಿಸಿದ್ದು ದೊಡ್ಡ ವಿವಾದವಾಯಿತು. ಆನಂತರ 2014ರಲ್ಲಿ ಪ್ರೀಮಿಯರ್ ಲೀಗ್ ತಲೆಪೆಟ್ಟಿನ ನಿಯಮಗಳನ್ನು ಬಿಗಿಗೊಳಿಸಿ, ಆಡಬೇಕೇ ಬೇಡವೇ ಎಂಬ ತೀರ್ಮಾನವನ್ನು ಮ್ಯಾನೇಜರನಿಂದ ತೆಗೆದು ವೈದ್ಯರ ಕೈಗಿತ್ತಿತು. ಕಾಗದದ ಮೇಲೆ ಪ್ರಶ್ನೆ ತೀರಿತು. ಮರುವರ್ಷವೇ, 2015ರ ಆಗಸ್ಟ್ 8ರಂದು, ರೆಫರಿಯ ಕರೆಯ ಮೇರೆಗೆ ಚೆಲ್ಸಿಯ ವೈದ್ಯೆ ಡಾ. ಈವಾ ಕಾರ್ನೇರೊ ಗಾಯಾಳುವಿನ ಬಳಿಗೆ ಓಡಿದರು. ಮೊದಲೇ ಹತ್ತು ಮಂದಿಗೆ ಇಳಿದಿದ್ದ ತಂಡ ಚಿಕಿತ್ಸೆಯ ಕಾರಣದಿಂದ ಕೆಲಕಾಲ ಒಂಬತ್ತಕ್ಕೆ ಇಳಿಯಿತು. ಮ್ಯಾನೇಜರ್ ಜೋಸೆ ಮೊರಿನ್ಯೋ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು; ವೈದ್ಯೆ ಕೆಲವೇ ವಾರಗಳಲ್ಲಿ ಕ್ಲಬ್ಬನ್ನು ತೊರೆದರು. 2016ರ ಜೂನ್‌ನಲ್ಲಿ ವ್ಯಾಜ್ಯ ರಾಜಿಯಾದಾಗ, ಆಕೆ ಆಟದ ನಿಯಮವನ್ನೂ ವೈದ್ಯಧರ್ಮವನ್ನೂ ಪಾಲಿಸಿದ್ದರೆಂದು ಕ್ಲಬ್ಬು ಒಪ್ಪಿಕೊಂಡು ಕ್ಷಮೆ ಕೇಳಿತು. ನೇಪಥ್ಯದವರು ನೇಪಥ್ಯದಲ್ಲೇ ಇರಲೆಂಬ ಹಳೆಯ ಭಾವನೆ ನಿಯಮಗಳಷ್ಟು ಬೇಗ ಬದಲಾಗುವುದಿಲ್ಲ.

ಈ ಇತಿಹಾಸದ ನಿಜವಾದ ಬೆಲೆ ತೆರುತ್ತಿರುವವರು ಹಳೆಯ ಆಟಗಾರರು. ತಲೆಯಿಂದ ಚೆಂಡು ಬಾರಿಸುವುದರಲ್ಲಿ ನಿಸ್ಸೀಮನಾಗಿದ್ದ ಜೆಫ್ ಆ್ಯಸ್ಲ್ 2002ರಲ್ಲಿ 59ನೆಯ ವಯಸ್ಸಿನಲ್ಲಿ ಮರೆವಿನ ಬೇನೆಯಿಂದ ತೀರಿಕೊಂಡನು. ಅದು ವೃತ್ತಿಯಿಂದ ಬಂದ ರೋಗವೆಂದು ವಿಚಾರಣಾಧಿಕಾರಿ ತೀರ್ಪಿತ್ತರು. 2019ರಲ್ಲಿ ಗ್ಲ್ಯಾಸ್ಗೋದ ಡಾ. ವಿಲ್ಲೀ ಸ್ಟೂವರ್ಟ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಪರಿಶೀಲಿಸಿ, ಮಿದುಳು ನಶಿಸುವ ರೋಗಗಳಿಂದಾಗುವ ಸಾವು ಅವರಲ್ಲಿ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ತೋರಿಸಿದರು. ಅದೇ ಅಧ್ಯಯನ ಶ್ವಾಸಕೋಶದ ಕ್ಯಾನ್ಸರಿನಿಂದ ಅವರು ಸಾಯುವುದು ಕಡಿಮೆಯೆಂದೂ ಹೇಳಿತು. ಆಟ ದೇಹವನ್ನು ಕಟ್ಟುತ್ತದೆ, ತಲೆಯನ್ನು ಮಾತ್ರ ನಾವು ಕಾಯಬೇಕು.

ಬಂಧುಗಳೇ, ಭಾನುವಾರ ಬೆಳಿಗ್ಗೆ ನಮ್ಮ ಮಕ್ಕಳು ಮೊಮ್ಮಕ್ಕಳು ಆಡುವ ಮೈದಾನದಲ್ಲಿ ವೈದ್ಯರಿರುವುದಿಲ್ಲ. ಅಲ್ಲಿ ನೇಪಥ್ಯದವರೆಂದರೆ ತಾವೇ. ಬ್ರಿಟನ್ನಿನ ಸರ್ಕಾರ 2023ರಲ್ಲಿ ಹೊರತಂದ ಮಾರ್ಗದರ್ಶಿ ಸೂತ್ರಗಳು ಸರಳವಾಗಿವೆ: ತಲೆಗೆ ಪೆಟ್ಟಾಗಿ ಮಿದುಳು ಅಲುಗಿರಬಹುದೆಂಬ ಅನುಮಾನ ಬಂದರೂ ಸಾಕು, ಮಗುವನ್ನು ಕೂಡಲೇ ಆಟದಿಂದ ಹೊರಗೆ ಕರೆತರಬೇಕು, ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನಗಳಾದರೂ ಕಳೆಯಬೇಕು. ಮಗು ಅಳುತ್ತದೆ, ತರಬೇತುದಾರರು ಮುಖ ಸಿಂಡರಿಸಬಹುದು, ಪಂದ್ಯವೂ ಕೈತಪ್ಪಬಹುದು. ಪೇಯ್ಸ್ಲಿಯವರಂಥ ನಿಪುಣರಿಗೂ ಅಂದು ಹೇಳಲಾಗದ ಒಂದು ಮಾತನ್ನು ಹೇಳುವ ಅಧಿಕಾರ ಇಂದು ತಮಗಿದೆ. ‘ಇವತ್ತಿಗೆ ಸಾಕು, ಬಾ ಮಗು’ ಎಂಬುದೇ ಆ ಮಾತು.